ಮೋರಿಗೆ ಹೋಗುತ್ತಿದ್ದ ಗಸಿ, ಅಕ್ಕಯ್ಯಮ್ಮನ ಮಂಕರಿ

ಮೋರಿ ಕಟ್ಟಿಕೊಂಡರೆ ಮೋರಿಯನ್ನು ಬೈಯುತ್ತೇವೆ. ಅದಕ್ಕೆ ಏನು ಸುರಿದೆವೆಂದು ಯಾರೂ ನೋಡುವುದಿಲ್ಲ. ಕೆಂಗೇರಿಯಲ್ಲಿ ಆದದ್ದೂ ಅದೇ.

ಅಲ್ಲಿನ ಕೈಕಾಗದದ ಷೆಡ್ಡಿನಲ್ಲಿ ರದ್ದಿ ನೆನೆಸಿ, ಕುಟ್ಟಿ, ಹೊಸ ಹಾಳೆ ತೆಗೆಯುತ್ತಿದ್ದರು. ಹಾಳೆಗೆ ಬಾರದ ಗಸಿಯೆಲ್ಲ ಮೋರಿಗೆ. ಆ ಮಳೆಗಾಲ ಕೊಳೆನೀರು ಬೀದಿಯವರ ಹೊಸ್ತಿಲು ಮುಟ್ಟಿತು. "ಹತ್ತು ದಿನದಲ್ಲಿ ಗಸಿಗೊಂದು ದಾರಿ ಮಾಡಿ, ಇಲ್ಲ ಬಾಗಿಲು ಹಾಕಿ" ಎಂದಿತು ಪಂಚಾಯಿತಿ. ಅಲ್ಲಿ ದುಡಿಯುತ್ತಿದ್ದ ಯಶೋದಮ್ಮನಿಗೆ ಅನ್ನ ಇಳಿಯಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳ ಮತ್ತು ಅತ್ತೆ ಅಕ್ಕಯ್ಯಮ್ಮನ ಒಲೆ ಉರಿಯುತ್ತಿದ್ದುದೇ ಆ ಷೆಡ್ಡಿನಿಂದ.

ಗ್ರಾಮಸೇವಕಿ ನೀಲಗಂಗಮ್ಮ ಮನೆಗೆ ಬಂದಳು. "ಆ ಗಸೀಲಿ ತೂತು ಬಿದ್ದ ಬಿದಿರು ಮಂಕರಿ ಮೆತ್ಬೋದು ಅಮ್ಮಾ. ಬೀದಿಯೋರೆಲ್ಲ ಒಂದಿಷ್ಟು ತಗೊಂಡ್ರೆ ಮೋರಿಗೆ ಏನ್ ಉಳಿಯುತ್ತೆ?"

"ಕೊಚ್ಚೆ ತಂದು ಮನೇಲಿ ತುಂಬ್ಕೊ ಅಂತೀಯೇನವ್ವ?" ಅಕ್ಕಯ್ಯಮ್ಮ ಮೂಗು ಮುರಿದಳು. ಆದರೂ ಸೊಸೆಯ ಸಪ್ಪೆ ಮುಖ ನೋಡಲಾರದೆ, ಅರ್ಧ ಮಾತು ಕೇಳಿಸಿಕೊಂಡು ಎದ್ದೇಬಿಟ್ಟಳು. ನಲವತ್ತು ವರ್ಷ ಮಂಕರಿಗೆ ಸಗಣಿ ಸಾರಿಸಿದ ಕೈ. ಷೆಡ್ಡಿನಿಂದ ತಂದ ಗಸಿಯನ್ನೂ ಹಾಗೇ ತೆಳ್ಳಗೆ ಸವರಿ ಬಿಸಿಲಿಗಿಟ್ಟಳು. ಸಂಜೆಗೆ ಅದು ಹಪ್ಪಳದಂತೆ ಎದ್ದು ಉದುರಿತು.

"ನೋಡಿದ್ಯೇನೇ, ಓದಿದೋರ ಬುದ್ಧಿ!"

ಯಶೋದಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮತ್ತೆ ಬಂದ ನೀಲಗಂಗಮ್ಮ ಮಾತ್ರ ನಕ್ಕಳು.

"ಇದು ಸಗಣಿ ಅಲ್ಲ ಅಮ್ಮಾ. ಗಸೀನ ಬಟ್ಟೇಲಿ ಹಿಂಡಿ. ನೆನೆಸಿದ ಮೆಂತ್ಯ ಅರೆದು ಕಲಸಿ, ಅದೇ ಅಂಟು. ದಪ್ಪಕ್ಕೆ ಮೆತ್ತಿ, ನೆರಳಲ್ಲಿ ಒಣಗ್ಸಿ."

ನಾಲ್ಕು ದಿನಕ್ಕೆ ಮಂಕರಿ ಗಟ್ಟಿಯಾಯಿತು. ಅಕ್ಕಯ್ಯಮ್ಮ ಈರುಳ್ಳಿ ತುಂಬಿ ಎತ್ತಿ ಕುಲುಕಿದಳು. ಒಂದೂ ಜಾರಲಿಲ್ಲ. ಆಮೇಲೆ ಕೇಳಬೇಕೇ? ಸೊಂಟದ ಮೇಲಿಟ್ಟುಕೊಂಡು ಬೀದಿಯೆಲ್ಲ ತೋರಿಸಿ ಬಂದಳು, ತಾನೇ ಕಂಡುಹಿಡಿದವಳ ಹಾಗೆ. ಮಾರನೆಯ ದಿನ ಷೆಡ್ಡಿನ ಬಾಗಿಲಲ್ಲಿ ಹೆಂಗಸರ ಸಾಲು. "ನಂಗೆ ಮೊದ್ಲು ಕೊಡೇ ಯಶೋದಾ!"

ಹತ್ತನೆಯ ದಿನ ಪಂಚಾಯಿತಿಯ ಜಂಬಣ್ಣ ಬಂದು ಇಣುಕಿದ. ಷೆಡ್ಡಿನವರು ಹೂಳೆತ್ತಿದ ಮೋರಿಯಲ್ಲಿ ನೀರು ಸರಾಗವಾಗಿ ಹರಿಯುತ್ತಿತ್ತು.

"ಷೆಡ್ಡು ನಡೀಲಿ ಬಿಡಿ" ಎಂದ.

ಯಶೋದಮ್ಮನ ಎದೆ ಹಗುರಾಯಿತು. ಆ ರಾತ್ರಿ ಎರಡು ಮುದ್ದೆ ಉಂಡಳು.

ತಾಯಂದಿರೇ, ನಿಮ್ಮ ಅಟ್ಟದಲ್ಲೂ ಒಂದು ತೂತು ಮಂಕರಿ ಇದ್ದೀತು. ಇಳಿಸಿ. ಕಾಗದದ ಷೆಡ್ಡು ಹತ್ತಿರವಿಲ್ಲದಿದ್ದರೆ ಮನೆಯ ರದ್ದಿಯನ್ನೇ ನೆನೆಸಿ ಕುಟ್ಟಿ. ಒದ್ದೆ ಪದಾರ್ಥ ಅದರಲ್ಲಿಡಬೇಡಿ. ಮೆಂತ್ಯ, ನೆರಳು ಎರಡನ್ನೂ ಮರೆಯಬೇಡಿ. ಅಕ್ಕಯ್ಯಮ್ಮನ ಹಾಗೆ ಅರ್ಧ ಮಾತಿಗೇ ಎದ್ದು ಹೋಗಬೇಡಿ!