ಫಕ್ಕೀರವ್ವ ಹತ್ತದ ಕಟಕಟೆ

ನಾನು ಒಂದು ಕಟಕಟೆ. ಗದಗ ಸೀಮೆಯ ಬಡಿಗೇರ ಮೌನೇಶಪ್ಪ ಸಾಗುವಾನಿ ಸೀಳಿ ನನ್ನನ್ನು ಮಾಡಿದ. ಮೂರು ಕಡೆ ಎದೆಮಟ್ಟದ ಕಟಾಂಜನ, ಒಂದು ಕಡೆ ಹತ್ತಲು ಮೆಟ್ಟಿಲು. ಕೈಯಿಡುವ ಪಟ್ಟಿಯನ್ನು ಅವನು ಬಹಳ ಹೊತ್ತು ಉಜ್ಜಿದ. ಇಲ್ಲಿ ನಿಲ್ಲುವವರ ಕೈ ಮೊದಲೇ ನಡುಗುತ್ತಿರುತ್ತದೆ, ಸಿಬಿರು ಬೇರೆ ಚುಚ್ಚಬಾರದು ಎನ್ನುತ್ತಿದ್ದ.

ತಾಲ್ಲೂಕು ಕೋರ್ಟಿನಲ್ಲಿ ನನ್ನ ಹರೆಯ ಕಳೆಯಿತು. ಬಂದವರ ಮುಖಕ್ಕಿಂತ ಅವರ ಅಂಗೈ ನನಗೆ ಚೆನ್ನಾಗಿ ಗೊತ್ತು. ನಿಜ ಹೇಳುವವರ ಅಂಗೈಯೂ ಬೆವರುತ್ತದೆ, ಸುಳ್ಳು ಹೇಳುವವರದೂ ಬೆವರುತ್ತದೆ. ಅದನ್ನು ನೋಡಿ ತೀರ್ಪು ಕೊಡಲು ಬರುವುದಿಲ್ಲ ಎಂಬುದನ್ನು ನಾನು ಬೇಗ ಕಲಿತೆ. ಹೊಸ ಕಟ್ಟಡದಲ್ಲಿ ಮೈಕು ಇರುವ ಹೊಸ ಕಟಕಟೆ ಬಂದಾಗ, ನನ್ನನ್ನು ಊರಿನ ಕಾನೂನು ಕಾಲೇಜಿಗೆ ಕೊಟ್ಟರು. ಅಲ್ಲಿ ಹುಡುಗರು ವಾದ ಕಲಿಯುವ ಅಣಕು ನ್ಯಾಯಾಲಯದಲ್ಲಿ ನನಗೊಂದು ಜಾಗ ಸಿಕ್ಕಿತು.

ಆ ಕೋಣೆಯ ಕಸ ಗುಡಿಸುತ್ತಿದ್ದವಳು ಫಕ್ಕೀರವ್ವ. ಪಾಠ ಮಾಡುತ್ತಿದ್ದವರು ಶಕುಂತಲಾ ಹಿರೇಗೌಡರ್ ಮೇಡಂ.

ಒಂದು ಸಂಜೆ ಪೂರ್ಣಿಮಾ ಅಂಗಡಿ ಎಂಬ ವಿದ್ಯಾರ್ಥಿನಿ ಕಾಲೇಜಿನ ಕರಿ ಕೋಟು ತೊಟ್ಟು ವಾದದ ಅಭ್ಯಾಸ ಮಾಡಿದಳು. ಅಜ್ಜ ಕೊಟ್ಟ ಕೈಗಡಿಯಾರ ತೋಳಿಗೆ ಸಿಕ್ಕಿಕೊಳ್ಳುತ್ತದೆ ಎಂದು ಬಿಚ್ಚಿ ಕೋಟಿನ ಕಿಸೆಗೆ ಹಾಕಿದಳು. ಮುಗಿದ ಮೇಲೆ ಕೋಟನ್ನು ನನ್ನ ಮೇಲೆ ಇಳಿಬಿಟ್ಟು, ಗಡಿಯಾರ ಮರೆತು ಹೋದಳು. ಕೋಟು ಒಗೆದು ತರುವ ಸರದಿ ನೇತ್ರಾವತಿಯದು. ಅವಳು ಬಸ್ಸಿನ ಅವಸರದಲ್ಲಿ ಅದನ್ನು ಚೀಲಕ್ಕೆ ತುರುಕಿಕೊಂಡು ಓಡಿದಳು. ಅದರಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಗಡಿಯಾರವನ್ನು ಮೇಜಿನ ಮೇಲೆ ಇಟ್ಟಿದ್ದೆ ಎಂದೇ ಪೂರ್ಣಿಮಾ ನಂಬಿದ್ದಳು. ಮರುದಿನ ಬೆಳಿಗ್ಗೆ ಪ್ರಿನ್ಸಿಪಾಲರು ಬಂದರು. ನಿನ್ನೆ ಅಭ್ಯಾಸ ಮುಗಿದ ಮೇಲೆ ಕೋಣೆಗೆ ಬಂದವರು ಯಾರು ಎಂದು ಕೇಳಿದರು. ಫಕ್ಕೀರವ್ವನ ಹೆಸರು ಬಂತು. ಇನ್ನು ಬರಬೇಡ ಎಂದು ಅವಳಿಗೆ ಅಲ್ಲೇ ಹೇಳಿದರು. ಮೇಡಂ ಪಕ್ಕದಲ್ಲೇ ನಿಂತಿದ್ದರು. ಏನೋ ಹೇಳಲು ತುಟಿ ತೆರೆದರು, ಮತ್ತೆ ಮುಚ್ಚಿದರು. ಫಕ್ಕೀರವ್ವ ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದಳು.

ಪರೀಕ್ಷೆ ಹತ್ತಿರ ಬಂತು. ಮೊದಲ ವರ್ಷದವರಿಗೆ ಮೇಡಂ ಕಾನೂನಿನ ಮೂಲಪಾಠಗಳನ್ನು ಮತ್ತೊಮ್ಮೆ ಓದಿಸತೊಡಗಿದರು. ಸಾಬೀತಾಗುವವರೆಗೆ ಯಾರೂ ಅಪರಾಧಿಯಲ್ಲ. ಎದುರಿನವರ ಮಾತು ಕೇಳದೆ ತೀರ್ಪು ಕೊಡಬಾರದು. ತನ್ನದೇ ಎಂದು ತಿಳಿದು ಪರರ ವಸ್ತು ಒಯ್ದರೆ ಕಳ್ಳತನವಲ್ಲ. ತನ್ನದಲ್ಲ ಎಂದು ತಿಳಿದ ಮೇಲೂ ತಾನೇ ಇಟ್ಟುಕೊಂಡರೆ ತಪ್ಪು. ಈ ಕೊನೆಯದನ್ನು ಮನದಟ್ಟು ಮಾಡಿಸಲು ಅವರು ಛತ್ರಿಯ ಒಂದು ಕಥೆ ಕಟ್ಟಿದರು. ಯಾರದೋ ಛತ್ರಿ ಒಯ್ದ ಆರೋಪಿಯಾಗಿ ನಿಲ್ಲುವ ಸರದಿ ನೇತ್ರಾವತಿಗೆ ಬಂತು.

ಅವಳು ಮೆಟ್ಟಿಲು ಹತ್ತಿ ಪಟ್ಟಿ ಹಿಡಿದಾಗ ಆ ಅಂಗೈ ತಣ್ಣಗೆ ಕೊರೆಯುತ್ತಿತ್ತು.

"ಮನಿಗೆ ಹೋದ ಮ್ಯಾಲ ಅದು ನಿನ್ನದಲ್ಲ ಅಂತ ಗೊತ್ತಾತು. ಆವಾಗ ಏನು ಮಾಡಿದಿ?" ಎಂದು ಮೇಡಂ ಕೇಳಿದರು.

"ಇಟಗೊಂಡೆ."

"ಯಾಕ?"

"ಅಂಜಿಕಿ ಆತ್ರಿ. ನಾ ಬರೂದ್ರಾಗ ಫಕ್ಕೀರವ್ವನ ಕಳಿಸಿಬಿಟ್ಟಿದ್ರು."

ಮುಂದಿನ ಬೆಂಚಿನ ಹುಡುಗನೊಬ್ಬ ಕಥೆ ಬರೆದಿದ್ದ ಹಾಳೆ ತಿರುವಿ ನೋಡಿದ. ಛತ್ರಿಯ ಕಥೆಯಲ್ಲಿ ಫಕ್ಕೀರವ್ವ ಇರಲಿಲ್ಲ. ಅಷ್ಟರಲ್ಲಿ ನೇತ್ರಾವತಿ ಅಂಗಿಯ ಕಿಸೆಯಿಂದ ಗಡಿಯಾರ ತೆಗೆದು ನನ್ನ ಮೇಲಿಟ್ಟಳು. ದಿನಾ ಕೊಡಬೇಕೆಂದೇ ತರುತ್ತಿದ್ದಳಂತೆ, ದಿನಾ ಹಾಗೇ ಮರಳಿ ಒಯ್ಯುತ್ತಿದ್ದಳಂತೆ. ಪೂರ್ಣಿಮಾ ಎದ್ದು ನಿಂತಳು. ಆದರೆ ಗಡಿಯಾರ ತೆಗೆದುಕೊಳ್ಳಲು ಅವಳಿಗೂ ಕೈ ಬರಲಿಲ್ಲ.

ಪ್ರಿನ್ಸಿಪಾಲರು ಫಕ್ಕೀರವ್ವನಿಗೆ ಹೇಳಿಕಳಿಸಿದರು. ಅವಳು ಬಂದು ಬಾಗಿಲಲ್ಲೇ ನಿಂತಳು. ನೇತ್ರಾವತಿ ಹೋಗಿ ಕಾಲು ಹಿಡಿದಳು. ಫಕ್ಕೀರವ್ವ ಅವಳನ್ನು ರಟ್ಟೆ ಹಿಡಿದು ಎಬ್ಬಿಸಿದಳು.

"ಏಳವ್ವ. ನೀ ಸಣ್ಣಾಕಿ, ಅಂಜಿದಿ," ಎಂದಳು. ಆಮೇಲೆ ಮೇಡಂ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅಕ್ಕಾರ, ನೀವು ಯಾಕ ಅಂಜಿದ್ರಿ?"

ಕೆಲಸಕ್ಕೆ ಮರಳಿ ಬಾ ಎಂದು ಮೇಡಂ ಬೇಡಿಕೊಂಡದ್ದನ್ನು ಫಕ್ಕೀರವ್ವ ಒಪ್ಪಲಿಲ್ಲ. ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ಸೇರಿಕೊಂಡಿದ್ದೇನೆ, ಅಲ್ಲಿ ಎಲ್ಲರೂ ಹೆಸರು ಹಿಡಿದು ಮಾತಾಡಿಸುತ್ತಾರೆ ಎಂದು ಹೇಳಿ ಹೋದಳು.

ಈಗ ನನ್ನ ಒಂದು ಕಾಲಿಗೆ ಗೆದ್ದಲು ಹತ್ತಿದೆ. ಮುರಿದ ಬೆಂಚುಗಳ ಜೊತೆ ಹಿಂದಿನ ಕೋಣೆಯಲ್ಲಿದ್ದೇನೆ. ಗೋಡೆಯಾಚೆ ಮೇಡಂ ಪಾಠ ಕೇಳಿಸುತ್ತದೆ. ಎದುರಿನವರ ಮಾತು ಕೇಳದೆ ತೀರ್ಪು ಕೊಡಬಾರದು ಎಂಬಲ್ಲಿಗೆ ಬಂದಾಗ ಅವರ ದನಿ ಪ್ರತಿ ವರ್ಷವೂ ತಡವರಿಸುತ್ತದೆ. ನನಗೂ ಒಳಗೆ ಚುಚ್ಚುತ್ತದೆ. ನಾನಂತೂ ಮರ, ಮಾತು ಬಾರದು. ಆದರೆ ಆ ಬೆಳಿಗ್ಗೆ ನನ್ನ ಮೆಟ್ಟಿಲು ಖಾಲಿ ಇತ್ತು. ಫಕ್ಕೀರವ್ವನನ್ನು ಹತ್ತಿಸಿ, ಏನಾಯಿತು ಹೇಳು ಎಂದು ಕೇಳಲು ಬಾಯಿದ್ದವರು ಅಲ್ಲಿ ಎಷ್ಟೊಂದು ಜನ ಇದ್ದರು.