ಸ್ಕ್ರೂಡ್ರೈವರಿನ ಜಾಗ

ನಮ್ಮ ಯಜಮಾನರು ಕಾರ್ ಶೆಡ್ಡಿನ ಗೋಡೆಗೆ ಹಲಗೆ ಹೊಡೆದು, ಸುತ್ತಿಗೆ, ಗರಗಸ, ಸ್ಪ್ಯಾನರ್ ಎಲ್ಲವನ್ನೂ ನೇತುಹಾಕಿ, ಒಂದೊಂದರ ಸುತ್ತಲೂ ಬಿಳಿ ಪೇಂಟಿನಲ್ಲಿ ಗೆರೆ ಎಳೆದಿದ್ದಾರೆ. ಯಾವುದು ಕಾಣೆಯಾದರೂ ಆ ಖಾಲಿ ಗೆರೆಯೇ ಚಾಡಿ ಹೇಳುತ್ತದೆ.

ಭಾನುವಾರ ದೊಡ್ಡ ಸ್ಕ್ರೂಡ್ರೈವರಿನ ಜಾಗ ಖಾಲಿಯಿತ್ತು.

"ತಗೊಂಡಿದ್ದನ್ನ ವಾಪಸ್ ಇಡೋ ಬುದ್ಧಿ ಈ ಮನೇಲಿ ಯಾರಿಗೂ ಇಲ್ಲ" ಎಂದು ಬೆಳಿಗ್ಗೆಯೇ ರಂಪ ತೆಗೆದರು. ಮಗಳ ವಿಚಾರಣೆಯಾಯಿತು, ಅತ್ತೆಯವರದೂ ಆಯಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ಕೂಗಿ ಕೂಗಿ ಗಂಟಲೊಣಗಿ, ನೀರು ಕುಡಿಯಲು ಅಡುಗೆಮನೆಗೆ ಬಂದರು. ಅಲ್ಲಿ ಚಿಲಕ ಮುರಿದ ಕಿಟಕಿಗೆ ಅಡ್ಡಲಾಗಿ ಸ್ಕ್ರೂಡ್ರೈವರ್ ಹಾಯಾಗಿ ಮಲಗಿತ್ತು. "ಸದ್ಯಕ್ಕೆ ಇದಿರ್ಲಿ, ನಾಳೆ ಹೊಸ ಚಿಲಕ ಹಾಕ್ತೀನಿ" ಎಂದು ಹೋದ ವಾರ ಅವರೇ ಸಿಕ್ಕಿಸಿದ್ದು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನಿಮ್ಮ ನಾಳೆ ಬರ್ಲಿ ಅಂತ ಕಾಯ್ತಿದ್ದೆ."

ಅವರು ನೇರವಾಗಿ ಶೆಡ್ಡಿಗೆ ಹೋದರು. ಅಂತೂ ಚಿಲಕ ಬಂತು ಎಂದುಕೊಂಡೆ. ತಂದದ್ದು ಪೇಂಟಿನ ಡಬ್ಬಿ ಮತ್ತು ಬ್ರಷ್ಷು. ನನ್ನ ಕಣ್ಣೆದುರೇ, ಕಿಟಕಿಯ ಮೇಲೆ, ಸ್ಕ್ರೂಡ್ರೈವರಿನ ಸುತ್ತ ನೀಟಾಗಿ ಬಿಳಿ ಗೆರೆ ಎಳೆದರು.