ಕಾರಿನ ಕೆಳಗೆ ಹಾಸಿದ ಬಟ್ಟೆ

ಆ ಬೇಸಿಗೆಯಲ್ಲಿ ಬೆಳಗಾದರೆ ನಾನು ಮೊದಲು ನೋಡುತ್ತಿದ್ದದ್ದು ಕಾರಿನ ಕೆಳಗೆ ಹಾಸಿದ್ದ ಬಿಳಿ ಲುಂಗಿಯನ್ನು. ಅಂಗಳಕ್ಕೆ ಬಂದು, ಮಂಡಿಯೂರಿ, ಅದರ ಒಂದು ತುದಿ ಹಿಡಿದು ಎಳೆಯುತ್ತಿದ್ದೆ. ಲುಂಗಿ ಫರಸಿಕಲ್ಲಿನ ಮೇಲೆ ಜಾರುತ್ತ ಹೊರಗೆ ಬರುತ್ತಿತ್ತು. ಅದರ ಮೇಲೆ ಕಲೆಗಳಿರುತ್ತಿದ್ದವು. ಎಂಜಿನ್ ಆಯಿಲ್ ಬಿದ್ದಲ್ಲಿ ಕಪ್ಪು, ರೇಡಿಯೇಟರಿನ ನೀರು ಬಿದ್ದಲ್ಲಿ ಹಸಿರು. ಯಾವ ಕಲೆ ಯಾವ ಭಾಗದ ಕೆಳಗೆ ಬಿದ್ದಿದೆ ಎಂದು ನೋಡಿಕೊಂಡು ಮತ್ತೆ ಅಲ್ಲಿಯೇ ಹಾಸುತ್ತಿದ್ದೆ.

ಲುಂಗಿ ನನ್ನ ಗಂಡನದು. ಮೊದಲ ದಿನ ಅದನ್ನು ಕಂಡು ಅತ್ತೆ, "ಅದನ್ಯಾಕ ತಗೊಂಡಿ? ನನ್ನ ಹಳೇ ಸೀರಿ ಇರಲಿಲ್ಲೇನು?" ಎಂದಿದ್ದರು. ಬಿಳಿಯದಾದರೆ ಕಲೆ ಚೆನ್ನಾಗಿ ಕಾಣುತ್ತದೆ ಎಂದೆ. ನನಗೆ ಆಗ ಅದು ಬಟ್ಟೆಯಾಗಿ ಮಾತ್ರ ಕಂಡಿತ್ತು. ಆ ತಿಂಗಳುಗಳಲ್ಲಿ ನನಗೆ ಎಲ್ಲವೂ ಹಾಗೇ ಕಾಣುತ್ತಿತ್ತು.

ನನ್ನ ಗಂಡ ತೀರಿಕೊಂಡದ್ದು ಶಿವರಾತ್ರಿ ಕಳೆದ ಮೇಲೆ. ನಾನು ಪಾಠ ಮಾಡಲು ಕಾಲೇಜಿಗೆ ಹೋಗಿದ್ದೆ. ಅತ್ತೆಯನ್ನು ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ಯಲು ಹೊರಟವರು ಒಳಗಿನ ಕೋಣೆಯಲ್ಲಿ ಕುಸಿದು ಬಿದ್ದಿದ್ದರು. ಅತ್ತೆ ಹೋಗಿ ನೋಡಿ ಕೂಗಿದಾಗ ಜನ ಸೇರಿದರು ಎಂದು ನನಗೆ ಹೇಳಿದರು. ಆಸ್ಪತ್ರೆಯಲ್ಲಿ ಡಾಕ್ಟರು, ಸ್ವಲ್ಪ ಮೊದಲೇ ತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಇದು ಅವರು ಎಲ್ಲರಿಗೂ ಹೇಳುವ ಮಾತಿರಬೇಕು ಎಂದುಕೊಂಡು ಬಿಟ್ಟುಬಿಟ್ಟೆ.

ಆ ದಿನ ಅಂಗಳದಲ್ಲಿ ನಿಂತ ಕಾರು ಮತ್ತೆ ಕದಲಲಿಲ್ಲ. ಅದರ ಮೂತಿ ಮನೆಯ ಬಾಗಿಲಿಗೆ ಎದುರಾಗಿತ್ತು. ಮನೆಗೆ ಬರುವಾಗ, ಹೋಗುವಾಗ ಅದರ ಪಕ್ಕದಲ್ಲಿ ಸೀರೆ ಹಿಡಿದುಕೊಂಡು ಓರೆಯಾಗಿ ನುಸುಳಬೇಕಿತ್ತು. ಡ್ರೈವರ್ ಸೀಟು ನನ್ನ ಗಂಡನ ಉದ್ದನೆಯ ಕಾಲಿಗೆ ಬೇಕಾದಷ್ಟು ಹಿಂದಕ್ಕೆ ಸರಿದೇ ಇತ್ತು. ನನಗೆ ಕಾರು ಓಡಿಸಲು ಬರುವುದಿಲ್ಲ. ಅದು ಅಲ್ಲಿಂದ ಹೋಗಬೇಕು ಎಂಬುದೊಂದೇ ಆಗ ನನಗೆ ಸ್ಪಷ್ಟವಾಗಿದ್ದ ಸಂಗತಿ. ಅದು ಹೋದರೆ ಉಸಿರಾಡಬಹುದು ಎನಿಸುತ್ತಿತ್ತು.

ಕೊಳ್ಳಲು ಬಂದವರು ಬಾಳಪ್ಪ ಮಾಸ್ತರರು. ನಿವೃತ್ತರಾಗಿ ಮೊದಲ ಬಾರಿ ಕಾರಿನ ಆಸೆ ಪಟ್ಟವರು. ಎಲ್ಲವನ್ನೂ ಒಪ್ಪಿ, ಕೊನೆಗೆ ಬಗ್ಗಿ ಕೆಳಗೆ ನೋಡಿ ಗಾಬರಿಯಾದರು.

"ತಂಗೆವ್ವಾ, ಇದು ಸೋರತೈತಲ್ಲ! ನಮ್ಮನಿ ಅಂಗಳಕ್ಕ ಈಗಷ್ಟ ಹೊಸಾ ಫರಸಿ ಹಾಕಸೇನಿ. ಒಂದು ಹನಿ ಎಣ್ಣಿ ಬಿದ್ರ ನಮ್ಮಾಕಿ ಕಾರಿನ ಕೂಡ ನನ್ನೂ ಹೊರಗ ಹಾಕ್ತಾಳ."

"ರಿಪೇರಿ ಮಾಡಸ್ತೀನ್ರಿ," ಎಂದೆ.

"ಒಂದು ಹನಿ ಬೀಳಬಾರದ ನೋಡ್ರಿ. ಹಂಗಾದ ದಿನ ಹೇಳಿ ಕಳಸ್ರಿ, ಬಂದು ಒಯ್ತೀನಿ."

ಹೀಗೆ ನಾನು ಸೋರಿಕೆ ಹುಡುಕಲು ಕುಳಿತೆ. ಮೆಕ್ಯಾನಿಕ್ ದಾವಲಸಾಬ ಮನೆಗೇ ಬಂದು ನೋಡಿದ. ಕಪ್ಪು ಕಲೆಗೆ ಎಂಜಿನ್ ತಳದ ಬೋಲ್ಟಿನ ವಾಷರ್ ಸವೆದದ್ದು ಕಾರಣವಾಗಿತ್ತು. ಹಳೆಯ ಆಯಿಲನ್ನೆಲ್ಲ ಬೋಗಾಣಿಗೆ ಇಳಿಸಿ ಹೊಸ ವಾಷರ್ ಹಾಕಿದ. ಹಸಿರು ಕಲೆಯ ಮೂಲವನ್ನು ನಾನೇ ಕಂಡುಹಿಡಿದೆ. ಒಣಗಿದ ಹಸಿರು ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಬೆರಳಿಂದ ಮುಟ್ಟುತ್ತ ಹೋದರೆ ರಬ್ಬರ್ ಪೈಪಿನ ಕ್ಲಿಪ್ಪು ಸಿಕ್ಕಿತು. ಸ್ಕ್ರೂಡ್ರೈವರಿನಿಂದ ಬಿಗಿ ಮಾಡಿದೆ. ಎರಡು ದಿನ ನಿಂತಿತು. ಮೂರನೆಯ ದಿನ ಲುಂಗಿಯ ಮೇಲೆ ಮತ್ತೆ ಹಸಿರು.

ದಾವಲಸಾಬ ಪೈಪನ್ನೇ ಬದಲಿಸಿದ. ಆಮೇಲೆ ಕೈ ಒರೆಸಿಕೊಳ್ಳುತ್ತ ಕಾರಿನ ಸುತ್ತ ಒಮ್ಮೆ ನಡೆದ.

"ನಿಂತ ಗಾಡಿ ಇಷ್ಟು ಸೋರಬಾರದ್ರಿ ಅಕ್ಕಾರ. ಇದು ಓಡಿ ಬಂದ ಗಾಡಿಯಂಗ ಸೋರತೈತಿ. ಬ್ಯಾಟರಿ ನೋಡಿದ್ರ ಕುದರಿಯಂಗೈತಿ. ಇಷ್ಟ ದಿನ ನಿಂತದ್ದು ಯಾವಾಗೋ ಸತ್ತಿರಬೇಕಿತ್ತು." ಕೀಲಿ ತಿರುಗಿಸಿ ಮುಳ್ಳು ನೋಡಿದ. "ಪೆಟ್ರೋಲ್ ಬ್ಯಾರೆ ಕಡಿಮ್ಯಾಗೈತಿ. ಹ್ವಾದ ಸಲ ಅರ್ಧ ಇತ್ತು. ನಿಮಗ ಗೊತ್ತಿಲ್ದಂಗ ಗಾಡಿ ಎಲ್ಲೆರ ತಿರಗಾಡಿ ಬರತೈತೇನ ಕೇಳ್ರಿ ಅದನ್ನ."

ತಾನೇ ನಕ್ಕ. ನಾನು ನಗದಿದ್ದುದನ್ನು ಕಂಡು ಮುಖ ಗಂಭೀರ ಮಾಡಿಕೊಂಡ. "ಟ್ಯಾಂಕ್ ಸೋರತಿದ್ರ ಹುಷಾರ್ರಿ. ಹತ್ರ ಬೆಂಕಿ ಗಿಂಕಿ ಬ್ಯಾಡ."

ನಮ್ಮ ಅಂಗಳದ ಮೂಲೆಯಲ್ಲಿ ಸ್ನಾನದ ನೀರಿನ ಒಲೆಯಿತ್ತು. ಆ ಸಂಜೆ ಅತ್ತೆಗೆ, "ಅಂಗಳದಾಗ ಒಲಿ ಹಚ್ಚಬ್ಯಾಡ್ರಿ ಅತ್ತಿ. ಪೆಟ್ರೋಲ್ ಸೋರಾಕತ್ತೈತಂತ," ಎಂದೆ.

ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಪೆಟ್ರೋಲ್ ಏನೂ ಸೋರಾಕತ್ತಿಲ್ಲ ತಗೋ," ಎಂದರು.

ಅಷ್ಟು ಖಚಿತವಾಗಿ ಹೇಗೆ ಹೇಳಿದರು ಎಂದು ನಾನು ಕೇಳಬೇಕಿತ್ತು. ಕೇಳುವಷ್ಟು ಕುತೂಹಲವೂ ನನ್ನಲ್ಲಿ ಉಳಿದಿರಲಿಲ್ಲ. ಟ್ಯಾಂಕಿನ ಕೆಳಗೆ ತಲೆ ಹಾಕಿ ಮೂಸಿ ನೋಡಿದೆ. ವಾಸನೆ ಇರಲಿಲ್ಲ. ಲುಂಗಿಯೂ ಅಲ್ಲಿ ಬೆಳ್ಳಗೇ ಇತ್ತು. ಆದರೂ ಮುಳ್ಳು ಇಳಿಯುತ್ತಿತ್ತು. ಏನು ಸೋರುತ್ತಿದೆ, ಎಲ್ಲಿಂದ ಸೋರುತ್ತಿದೆ ಎಂಬುದೇ ತಿಳಿಯದೆ ಮಂಡಿಯೂರಿ ಕುಳಿತಿರುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ ಯಾಕೆ ಕುಳಿತಿದ್ದೇನೆ ಎಂಬುದು ಮರೆತಿರುತ್ತಿತ್ತು.

ಪರೀಕ್ಷೆಗಳು ನಡೆಯುತ್ತಿದ್ದವು. ಒಂದು ದಿನ ಮಧ್ಯಾಹ್ನದ ಪಾಳಿಯಲ್ಲಿ ನನಗೆ ಕೆಲಸವಿಲ್ಲವೆಂದು ಬೇಗ ಬಿಟ್ಟರು. ಉರಿಬಿಸಿಲಿನಲ್ಲಿ ಮನೆಗೆ ಬಂದು ಗೇಟು ತೆರೆದಾಗ ಲುಂಗಿ ಒದ್ದೆಯಾಗಿರುವುದು ಕಂಡಿತು. ಎಂಜಿನ್ ಕಡೆ ಅಲ್ಲ, ಟ್ಯಾಂಕಿನ ಕಡೆಯೂ ಅಲ್ಲ. ಎಡಗಡೆ, ಮುಂದಿನ ಸೀಟಿನ ಅಡಿಗೆ. ಎಳೆದು ಮುಟ್ಟಿದೆ. ಬಣ್ಣವಿಲ್ಲ, ಜಿಡ್ಡಿಲ್ಲ, ವಾಸನೆಯಿಲ್ಲ. ಬರೀ ನೀರು. ಕಾಲಿಟ್ಟರೆ ಸುಡುವ ಅಂಗಳದಲ್ಲಿ ಆ ನೀರು ತಣ್ಣಗಿತ್ತು.

ಬಾನೆಟ್ಟಿನ ಮೇಲೆ ಕೈಯಿಟ್ಟೆ. ಬಿಸಿಲಿನ ಕಾವಲ್ಲ, ಒಳಗಿನ ಕಾವು. ಕೈ ತಟ್ಟನೆ ಹಿಂದಕ್ಕೆ ಬಂತು.

ತಣ್ಣೀರು ತುಂಬಿದ ತಂಬಿಗೆಯ ಹೊರಮೈಯಲ್ಲಿ ನೀರು ಯಾಕೆ ಹನಿಯುತ್ತದೆ ಎಂದು ನಾನು ವರ್ಷವೂ ಮಕ್ಕಳಿಗೆ ಪಾಠ ಮಾಡುತ್ತೇನೆ. ಕಾರಿನ ಎಸಿ ಹಾಕಿದರೂ ಹಾಗೆಯೇ ನೀರು ಕೂಡಿ ಕೆಳಗೆ ತೊಟ್ಟಿಕ್ಕುತ್ತದೆ. ಅದು ಸೋರಿಕೆಯಲ್ಲ. ಯಾರೋ ಒಳಗೆ ಕುಳಿತು ಎಸಿ ಹಾಕಿಕೊಂಡಿದ್ದರು ಎಂದಷ್ಟೇ ಅದರ ಅರ್ಥ.

ಮನೆಯೊಳಗೆ ಕೀಲಿ ಮೊಳೆಯಲ್ಲೇ ತೂಗುತ್ತಿತ್ತು. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಮರುದಿನ ಅರ್ಧ ದಿನದ ರಜೆ ಹಾಕಿ ಬಂದೆ. ಓಣಿಯ ತಿರುವಿನಲ್ಲೇ ಎಂಜಿನ್ ಸದ್ದು ಕೇಳಿಸಿತು. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಜನ ಉಂಡು ಮಲಗುವ ಹೊತ್ತು. ಅತ್ತೆ ಎಡಗಡೆಯ ಸೀಟಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಕಿಟಕಿಗಳ ಗಾಜು ಏರಿಸಿತ್ತು. ಅವರು ಮನೆಯ ಬಾಗಿಲನ್ನು ನೋಡುತ್ತಿದ್ದರು.

ಏನು ಮಾಡಬೇಕೆಂದು ತಿಳಿಯದೆ ಹಿಂದಿನ ಬಾಗಿಲು ತೆರೆದು ಒಳಗೆ ಕುಳಿತೆ.

"ಬಾಗಲಾ ಹಾಕ್ಕೋ," ಎಂದರು ಅತ್ತೆ, ತಿರುಗದೆ. "ತಂಪು ಹೊರಗ ಹೋಗ್ತೈತಿ."

ಹಾಕಿಕೊಂಡೆ. ಮುಂದಿನ ಸೀಟಿನ ಕಡೆ ಬಗ್ಗಿ ಕೇಳಿದೆ: "ದಿನಾ ಕೂಡ್ತೀರೇನ್ರಿ?"

"ದಿನಾ ಎಲ್ಲಿ? ನೀ ಮನ್ಯಾಗಿದ್ದ ದಿನ ಇಲ್ಲ."

ಬಿಸಿಲು ಅವರಿಗೆ ಆಗುತ್ತಿರಲಿಲ್ಲ. ಹೊರಗೆ ಹೊರಡುವ ಮೊದಲು ನನ್ನ ಗಂಡ ಗಾಡಿಯ ಗೇರ್ ನ್ಯೂಟ್ರಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಅವರ ಕೈಗೆ ಕೀಲಿ ಕೊಡುತ್ತಿದ್ದರು. ಅತ್ತೆ ಪಕ್ಕಕ್ಕೆ ವಾಲಿ ಕೀಲಿ ತಿರುಗಿಸಿ, ಎಸಿ ಹಾಕಿ ಕೂಡುತ್ತಿದ್ದರು. ಎಂಜಿನ್ ಶುರುವಾದಾಗಲೆಲ್ಲ ಅವರ ಮುಖದಲ್ಲಿ ಒಂದು ಗರ್ವ ಕಾಣುತ್ತಿತ್ತು. "ನಮ್ಮವ್ವ ಅರ್ಧಾ ಡ್ರೈವರ್," ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಕಾರಿನ ಕೆಳಗೆ ಹುಡುಕುತ್ತಿದ್ದೆ.

"ಆವತ್ತೂ ಇಲ್ಲೇ ಕುಂತಿದ್ದೆ," ಎಂದರು ಅತ್ತೆ.

ನಾನು ಅವರ ಸೆರಗನ್ನೇ ನೋಡುತ್ತಿದ್ದೆ.

"‘ಎವ್ವಾ, ನೀ ಹೋಗಿ ಗಾಡಿ ತಂಪು ಮಾಡಿಡು, ನಾ ಅಂಗಿ ಹಾಕ್ಕೊಂಡ ಬಂದೆ’ ಅಂದ. ಬಂದು ಕುಂತೆ. ಬರಲಿಲ್ಲ. ಹಾರ್ನ್ ಹೊಡದೆ. ಮತ್ತೊಮ್ಮಿ ಹೊಡದೆ. ನನಗ ಸಿಟ್ಟು ಬಂತು. ಕನ್ನಡಿ ಮುಂದ ನಿಂತ್ರ ಮದಲಿಂಗನಂಗ ಮಾಡ್ತಾನ ಅಂತ ಬೈಕೋತ ಕುಂತೆ." ಎಸಿಯ ಗಾಳಿ ಅವರ ಸೆರಗಿನ ಅಂಚನ್ನು ಅಲುಗಿಸುತ್ತಿತ್ತು. "ಭಾಳ ಹೊತ್ತು ಕುಂತೆನವಾ. ಒಳಗ ತಂಪಿತ್ತು. ಎದ್ದು ಹೋಗಬೇಕು ಅಂತ ಅನಸಲಿಲ್ಲ."

ಆಸ್ಪತ್ರೆಯ ಮಾತು ನೆನಪಾಯಿತು. ಡಾಕ್ಟರು ಅದನ್ನು ಹೇಳುವಾಗ ಅತ್ತೆ ನನ್ನ ಪಕ್ಕದಲ್ಲೇ ನಿಂತಿದ್ದರು. ಅದು ಯಾರಿಗೆ ತಾಗಿತ್ತು ಎಂದು ನಾನು ತಿರುಗಿಯೂ ನೋಡಿರಲಿಲ್ಲ.

ನಿಮ್ಮದೇನೂ ತಪ್ಪಿಲ್ಲ ಎನ್ನಬೇಕಿತ್ತು. ಅದು ನಿಜವೂ ಆಗಿತ್ತು. ಬಾಯಿ ತೆರೆದರೆ ಬೇರೆ ಯಾವ ಮಾತು ಬಂದುಬಿಡುತ್ತದೋ ಎಂದು ಹೆದರಿಕೆಯಾಯಿತು. ಇಬ್ಬರೂ ಆ ತಂಪಿನಲ್ಲಿ ಕುಳಿತಿದ್ದೆವು.

"ಅಂವ ಬರೂದಿಲ್ಲಂತ ನನಗ ಗೊತ್ತೈತಿ," ಎಂದರು ಅತ್ತೆ. "ನನಗೇನು ತಲಿ ಕೆಟ್ಟಿಲ್ಲ. ತಂಪು ಮಾಡಿಡು ಅಂದಿದ್ದ. ಸಾಕು ಅನ್ನಲಿಲ್ಲ."

ಆಮೇಲೆ ಕೈ ಚಾಚಿ ಕೀಲಿ ತಿರುಗಿಸಿದರು. ಎಂಜಿನ್ ನಿಂತಿತು.

"ಮಾಸ್ತರಗ ಕೊಟ್ಟಬಿಡವಾ. ನನ್ನ ಸಲುವಾಗಿ ಇಟ್ಕೋಬ್ಯಾಡ. ಗಾಡಿ ಹ್ವಾದ್ರ ನಾನೂ ಸುಮ್ಮಕಾಗ್ತೀನಿ."

ಮಾಸ್ತರರಿಗೆ ಹೇಳಿ ಕಳಿಸಿದೆ. ಲುಂಗಿಯನ್ನು ಒಗೆದು ಹಾಸಿದೆ. ಹಳೆಯ ಕಪ್ಪು, ಹಸಿರು ಕಲೆಗಳು ಎಷ್ಟು ತಿಕ್ಕಿದರೂ ಹೋಗಿರಲಿಲ್ಲ, ಹೊಸದೊಂದೂ ಇರಲಿಲ್ಲ. ಶುಕ್ರವಾರ ಮಾಸ್ತರರು ಬಂದರು. ಕರವಸ್ತ್ರ ಹಾಸಿ ಅದರ ಮೇಲೆ ಮಂಡಿಯೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದರು.

"ಶಾಭಾಸ್ ತಂಗೆವ್ವಾ! ಒಣಾ ಒಣಾ ಐತಿ." ಒಳಗೆ ಕುಳಿತು ಎಂಜಿನ್ ಶುರು ಮಾಡಿದರು. "ಇದರಾಗ ತಂಪು ಗಾಳಿ ಬರ್ತೈತಂತಲ್ಲ, ಅದೆಲ್ಲಿ?"

ನಾನು ಗುಂಡಿಗಳನ್ನು ನೋಡುತ್ತಿದ್ದೆ. ನನಗೆ ತಿಳಿಯಲಿಲ್ಲ.

"ನೀಲಿ ಗುಂಡಿ ರೀ," ಎಂದರು ಅತ್ತೆ ಹೊಸ್ತಿಲಿಂದ. "ಅದನ್ನ ಒತ್ರಿ. ಗಾಜು ಏರಸ್ರಿ ಮೊದಲ."

ಮಾಸ್ತರರು ಕಣ್ಣು ಮುಚ್ಚಿ ಬಹಳ ಹೊತ್ತು ಆ ಗಾಳಿಗೆ ಮುಖವೊಡ್ಡಿ ಕುಳಿತರು. ತೃಪ್ತಿಯಿಂದ ಕೆಳಗಿಳಿದವರು ಕೊನೆಯ ಬಾರಿ ಬಗ್ಗಿದರು. ಲುಂಗಿಯ ಮೇಲೆ ಅಂಗೈಯಗಲ ಒದ್ದೆಯಾಗಿತ್ತು. ನೋಡುತ್ತಿದ್ದಂತೆಯೇ ಇನ್ನೊಂದು ಹನಿ ಬಿತ್ತು.

"ಇದೇನ ಇದು? ಮತ್ತ ಸೋರಾಕತ್ತಿತಲ್ಲ!"

ಒಂದು ವಾಕ್ಯ ಸಾಕಿತ್ತು. ತಂಬಿಗೆಯ ಉದಾಹರಣೆಯೂ ಬಾಯಲ್ಲೇ ಇತ್ತು. ಅತ್ತೆ ನನ್ನನ್ನು ನೋಡಿದರು. ಅದು ಬರೀ ನೀರೆಂದು ಅವರಿಗೂ ಗೊತ್ತಿತ್ತು. ಅವರ ಮಗ ಯಾವತ್ತೋ ಹೇಳಿರದೆ ಇರಲಾರ. ನಾನು ಹೇಳಲಿ ಎಂದು ಕಾಯುತ್ತಿದ್ದರೋ, ಹೇಳದಿರಲಿ ಎಂದು ಕಾಯುತ್ತಿದ್ದರೋ ಇಂದಿಗೂ ತಿಳಿಯದು. ನಾನು ಹೇಳಲಿಲ್ಲ. ತೀರ್ಮಾನ ಮಾಡಿ ಸುಮ್ಮನಿದ್ದೆ ಎಂದರೆ ಸುಳ್ಳಾಗುತ್ತದೆ. ಮಾತು ಹೊರಡಲಿಲ್ಲ, ಅಷ್ಟೆ.

"ನೀವೂ ಏನ ಮಾಡ್ತೀರಿ ಪಾಪ," ಎಂದರು ಮಾಸ್ತರರು, ಕರವಸ್ತ್ರ ಝಾಡಿಸುತ್ತ. "ಹಳೇ ಗಾಡಿ. ಫರಸಿ ಹೊಸಾದು, ಏನ ತಿಳಕೋಬ್ಯಾಡ್ರಿ." ಗೇಟಿನವರೆಗೆ ಹೋಗಿ ಒಮ್ಮೆ ಆಸೆಯಿಂದ ತಿರುಗಿ ನೋಡಿದರು.

ಕಾರು ಅಲ್ಲಿಯೇ ಉಳಿಯಿತು. ನಾನು ಮೊದಲಿನಂತೆ ಓರೆಯಾಗಿ ನುಸುಳಿ ಕಾಲೇಜಿಗೆ ಹೋಗಿ ಬರುತ್ತಿದ್ದೆ. ದಾವಲಸಾಬನಿಗೆ ಹೇಳಿ ಡಬ್ಬಿಯಲ್ಲಿ ಪೆಟ್ರೋಲ್ ತರಿಸಿ ಹಾಕಿಸಿದೆ.

"ಸೋರೂದು ಸಿಕ್ತೇನ್ರಿ ಅಕ್ಕಾರ?"

"ಸಿಕ್ತು."

"ಬಂದ್ ಆತೇನ್ರಿ?"

"ಇಲ್ಲ."

ಅವನು ಬಗ್ಗಿ ನೋಡಲು ಹೊರಟವನು ನನ್ನ ಮುಖ ಕಂಡು ಡಬ್ಬಿಯ ಮುಚ್ಚಳ ತಿರುಗಿಸತೊಡಗಿದ.

ಆ ವಾರದ ರಜೆಯ ದಿನ ಊಟವಾದ ಮೇಲೆ ಅತ್ತೆ ನನ್ನೆದುರಿಗೇ ಮೊಳೆಯಿಂದ ಕೀಲಿ ತೆಗೆದುಕೊಂಡು ಹೊರಗೆ ಹೋದರು. ನಾನು ಒಳಗಿನ ಕೋಣೆಯಲ್ಲಿ, ಕನ್ನಡಿಯ ಮುಂದೆ, ನನ್ನ ಗಂಡ ಬಿದ್ದಿದ್ದ ಜಾಗದಲ್ಲಿ ನಿಂತಿದ್ದೆ. ಎಂಜಿನ್ ಶುರುವಾದದ್ದು ಕೇಳಿಸಿತು. ಹಾರ್ನಿಗೆ ಕಿವಿಗೊಟ್ಟೆ. ಅದು ಬರಲಿಲ್ಲ. ಆಮೇಲೆ ನನ್ನ ಗಂಡ ಆವತ್ತು ನಡೆದು ಬರಬೇಕಿದ್ದ ದಾರಿಯಲ್ಲಿ ನಡೆದೆ. ಕೋಣೆಯಿಂದ ಪಡಸಾಲೆ, ಪಡಸಾಲೆಯಿಂದ ಬಾಗಿಲು. ದೂರವೇನೂ ಇರಲಿಲ್ಲ.

ಹೊಸ್ತಿಲ ಮೇಲೆ ನಿಂತೆ. ಕಾರಿನತ್ತ ಹೋಗಲೂ ಆಗಲಿಲ್ಲ, ಒಳಗೆ ಮರಳಲೂ ಆಗಲಿಲ್ಲ. ಗಾಜಿನ ಹಿಂದೆ ಅತ್ತೆಯ ಮುಖ ಬಾಗಿಲಿನ ಕಡೆಗೇ ಇತ್ತು. ನನ್ನನ್ನು ಕಂಡರೂ ಅದು ಬದಲಾಗಲಿಲ್ಲ. ಕಾರಿನ ಕೆಳಗೆ ಬಿಳಿ ಬಟ್ಟೆಯ ಮೇಲೆ ನೀರು ಒಂದೊಂದೇ ಹನಿಯಾಗಿ ಬೀಳುತ್ತಿತ್ತು, ಬಿಸಿಗಾಳಿಗೆ ಕಲೆಯುಳಿಸದೆ ಆರುತ್ತಿತ್ತು.